ಹಾಲೆ ಮರದ ಫಲಕಕ್ಕೆ ಕೊನೆಯ ಕೋಟು

ಫ್ಯಾನಿನ ನೇರ ಕೆಳಗೆ ಆಸೀನರಾಗಿರುವ ಸಭಾಧ್ಯಕ್ಷರಾದ ಡಾಕ್ಟರ್ ಮಲ್ಲಿಕಾರ್ಜುನಪ್ಪನವರೇ, ಬೀರೂರು ಜಂಕ್ಷನ್ನಿನ ಆಚೆ ಎಲ್ಲೋ ಸಿಗ್ನಲ್ ಸಿಗದೆ ರೈಲಿನಲ್ಲೇ ಆಸೀನರಾಗಿರುವ ಮುಖ್ಯ ಅತಿಥಿಗಳೇ, ಕಡೂರು ಹಿರಿಯರ ಸನ್ಮಾನ ಸಮಿತಿಯ ಉಪಕಾರ್ಯದರ್ಶಿ ಹನುಮಂತಪ್ಪನವರೇ, ನಾನು ಏನು ಮಾತಾಡಿಬಿಡುತ್ತೇನೋ ಎಂದು ಈಗಲೇ ಸೆರಗನ್ನು ಬಾಯಿಗಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತಿರುವ ನನ್ನ ಶ್ರೀಮತಿ ಮಲ್ಲಿಕಾಂಬ ಅವರೇ, ಕಂಬದ ಮರೆಯಲ್ಲಿ ಕೂತರೆ ನನಗೆ ಕಾಣುವುದಿಲ್ಲ ಎಂದುಕೊಂಡಿರುವ ತರೀಕೆರೆಯ ಜಮಾಲ್ ಸಾಬರೇ, ಮತ್ತು ಉಪ್ಪಿಟ್ಟು ಬೇಯುತ್ತಿರುವ ಬಾಗಿಲ ಕಡೆಗೆ ಒಂದೊಂದೇ ಗೇಣು ಕುರ್ಚಿ ಸರಿಸಿಕೊಳ್ಳುತ್ತಿರುವ ಸಭಿಕರೇ,

ಸಾಮಾನ್ಯವಾಗಿ ಸನ್ಮಾನಿತನು ಬಾಯಿ ತೆರೆಯುವುದು ಎಲ್ಲ ಮುಗಿದ ಮೇಲೆ. ಮೊದಲು ಹಾರ, ಆಮೇಲೆ ಶಾಲು, ಆಮೇಲೆ ಹಣ್ಣಿನ ಬುಟ್ಟಿ, ಆಮೇಲೆ ಫಲಕ, ಕಟ್ಟಕಡೆಗೆ ಗದ್ಗದ ಕಂಠ. ಈ ಕ್ರಮವನ್ನು ಹಾಕಿಕೊಟ್ಟವನು ನಾನೇ. ಎಪ್ಪತ್ತನಾಲ್ಕರಲ್ಲಿ ಸಮಿತಿ ಹುಟ್ಟಿದಂದಿನಿಂದ ಈ ಎಂಬತ್ತನಾಲ್ಕರವರೆಗೆ ಅದರ ಕಾರ್ಯದರ್ಶಿ ನಾನು. ಯಾರ ಹೆಗಲು ಎಷ್ಟು ಇಳಿಜಾರು, ಶಾಲು ಯಾವ ಕಡೆಗೆ ಜಾರುತ್ತದೆ ಎಂದು ಕಣ್ಣಳತೆಯಲ್ಲೇ ಹೇಳಬಲ್ಲೆ. ಆದರೆ ಇವತ್ತು ಮುಖ್ಯ ಅತಿಥಿಗಳ ರೈಲು ತಡ. ಹನುಮಂತಪ್ಪನವರು ನನ್ನ ಕಿವಿಯ ಹತ್ತಿರ ಬಗ್ಗಿ, “ಸಾರ್, ಅವರು ಬರೋವರ್ಗೂ ಏನಾದ್ರೂ ಎಳೀರಿ ಸಾರ್, ನಿಮಗೇನು, ಬಾಯಿದೆ” ಎಂದರು. ಹಾಗಾಗಿ ಹಾರವಿಲ್ಲದೆ, ಶಾಲಿಲ್ಲದೆ, ಗದ್ಗದವೂ ಇಲ್ಲದೆ, ಬರಿ ಬಾಯಿಯೊಂದಿಗೆ ನಿಂತಿದ್ದೇನೆ.

‘ಈ ಸನ್ಮಾನಕ್ಕೆ ನಾನು ಅರ್ಹನಲ್ಲ’ ಎಂದು ಶುರು ಮಾಡುವುದು ಪದ್ಧತಿ. ಹಾಗೆ ಹೇಳಿದವರನ್ನೆಲ್ಲ ನಾನು ಈ ವೇದಿಕೆಯ ಮೂಲೆಯಲ್ಲಿ ನಿಂತು ಕೇಳಿದ್ದೇನೆ, ಒಬ್ಬಿಬ್ಬರ ವಿಷಯದಲ್ಲಿ ಮನಸ್ಸಿನಲ್ಲೇ ಒಪ್ಪಿಯೂ ಇದ್ದೇನೆ. ನನ್ನದನ್ನು ನೀವೇ ತೀರ್ಮಾನಿಸಿ. ಇದೇ ಊರಿನ ಮಕ್ಕಳಿಗೆ ಡ್ರಾಯಿಂಗ್ ಮಾಸ್ತರನಾಗಿದ್ದೆ. ನಿಮ್ಮಲ್ಲಿ ಅರ್ಧ ಜನ ನನ್ನ ಶಿಷ್ಯರು. ಮಾವಿನಹಣ್ಣು ಬರೆಯಿರಿ ಎಂದರೆ ಬದನೆಕಾಯಿ ಬರೆದಿರಿ. ನಾನು ಅದಕ್ಕೆ ಬದನೆಕಾಯಿ ಎಂದೇ ಅಂಕ ಕೊಟ್ಟೆ. ಯಾರನ್ನೂ ಫೇಲು ಮಾಡಲಿಲ್ಲ. ನನ್ನ ಸಾಧನೆ ಇಷ್ಟು. ಇದನ್ನು ಹೊಗಳಲು ಮುಖ್ಯ ಅತಿಥಿಗಳು ಅಷ್ಟು ದೂರದಿಂದ ಬರುತ್ತಿದ್ದಾರೆ, ಪಾಪ, ಅದೂ ಆಷಾಢದಲ್ಲಿ. ಆಷಾಢದಲ್ಲಿ ಮದುವೆ ಮಾಡುವುದಿಲ್ಲ, ಮನೆ ಹೊಗುವುದಿಲ್ಲ, ಹೊಸ ಸೊಸೆಯನ್ನು ತವರಿಗೆ ಕಳಿಸುತ್ತಾರೆ. ಈ ಊರಿನಲ್ಲಿ ಇದುವರೆಗೆ ಆಷಾಢದಲ್ಲಿ ಯಾರಿಗೂ ಸನ್ಮಾನವಾಗಿಲ್ಲ. ಇದೇನು ಹನುಮಂತಪ್ಪ ಎಂದು ಕೇಳಿದೆ. “ಆಷಾಢದಲ್ಲಿ ಛತ್ರ ಖಾಲಿ ಇರ್ತದೆ ಸಾರ್” ಎಂದರು. ಖಾಲಿ ಇರುತ್ತದೆ, ನಿಜ.

ಇರಲಿ. ನನ್ನ ಬಗ್ಗೆ ಹೇಳುವಂಥದ್ದು ಮುಗಿಯಿತಲ್ಲ, ಹೊತ್ತು ಮುಗಿಯಲಿಲ್ಲ. ಆದ್ದರಿಂದ ಮೇಜಿನ ಮೇಲೆ ಹಳದಿ ಬಟ್ಟೆ ಮುಚ್ಚಿಕೊಂಡು ಕೂತಿದೆಯಲ್ಲ, ನನಗೆ ಕೊಡಲಿರುವ ಫಲಕ, ಅದರ ಬಗ್ಗೆ ಮಾತಾಡುತ್ತೇನೆ. ಬಿಳಿ ಮರದಲ್ಲಿ ಅಕ್ಷರ, ಬಳ್ಳಿ, ನವಿಲು ಕೊರೆದು ಅದಕ್ಕೆ ಬಣ್ಣ ಕಟ್ಟಿ ಹೊಳಪು ಕೊಡುವುದು ಹೇಗೆ? ಮಹಿಳಾ ಸಮಾಜದವರೂ ಬಂದಿದ್ದಾರೆ, ಉಪಯೋಗವಾದೀತು.

ತರೀಕೆರೆಯಲ್ಲಿ ಜಮಾಲ್ ಸಾಬರ ಅಂಗಡಿ ನೋಡಿದ್ದೀರಿ. ಯಾರೋ ದರ್ಜಿ ಬಿಸಾಕಿದ ಹೊಲಿಗೆ ಯಂತ್ರದ ಕಬ್ಬಿಣದ ಕಾಲುಗಳು, ಅದರ ಮೇಲೆ ಸೂಜಿಯ ಬದಲು ದಾರದಷ್ಟು ಸಣ್ಣ ಗರಗಸ. ಕಾಲಲ್ಲಿ ತುಳಿದರೆ ಗರಗಸ ಮೇಲೆ ಕೆಳಗೆ ಕುಣಿಯುತ್ತದೆ. ನಾನು ತೆಳು ಕಾಗದದಲ್ಲಿ ಹೆಸರು ಬರೆದುಕೊಡುತ್ತೇನೆ. ಅವರು ಅದನ್ನು ಹಲಗೆಗೆ ಮೈದಾ ಅಂಟಿನಲ್ಲಿ ಅಂಟಿಸಿ, ತೂತು ಕೊರೆದು, ಗರಗಸ ಪೋಣಿಸಿ, ಗೆರೆಯ ಮೇಲೆ ಮರವನ್ನು ತಿರುಗಿಸುತ್ತಾ ಹೋಗುತ್ತಾರೆ. ಗರಗಸ ತಿರುಗುವುದಿಲ್ಲ, ಮರ ತಿರುಗುತ್ತದೆ. ನಮ್ಮ ಲಿಪಿಯೋ, ಎಲ್ಲೆಲ್ಲೂ ಹೊಟ್ಟೆ. ಹೊಟ್ಟೆಯ ಸುತ್ತ ಕೊರೆದರೆ ಹೊಟ್ಟೆಯೇ ಉದುರಿಹೋಗುತ್ತದೆ. ಅದಕ್ಕೆ ಕಾಣದ ಹಾಗೆ ಒಂದು ಕೊಂಡಿ ಬಿಡಬೇಕು. ಒಮ್ಮೆ ಕೊಂಡಿ ಮರೆತು ದೇವನೂರಿನ ಕಲ್ಲಪ್ಪನವರ ಹೆಸರಿನಲ್ಲಿ ಅರ್ಧ ನೆಲಕ್ಕೆ ಬಿತ್ತು. ಜಮಾಲ್ ಸಾಬರು ಅದನ್ನು ಗೋಂದು ಹಚ್ಚಿ ಕೂರಿಸಿ, “ಮಾಸ್ತರ್, ಯಾರ್ಗೂ ಹೇಳ್ಬೇಡ್ರಿ, ಇನ್ಮೇಲೆ ಇವ್ರು ಜೋರಾಗಿ ಸೀನಂಗಿಲ್ಲ” ಎಂದರು.

ಮರ ಯಾವುದು? ಹಾಲೆ ಮರ. ಕೆನೆಯಂತೆ ಬೆಳ್ಳಗಿರುತ್ತದೆ, ಗೆರೆಯೇ ಕಾಣದಷ್ಟು ನಯ, ಗರಗಸಕ್ಕೆ ಬೆಣ್ಣೆ. ಆದರೆ ಬಣ್ಣದ ವಿಷಯಕ್ಕೆ ಬಂದರೆ ಇಂಥ ಹಠಮಾರಿ ಇನ್ನೊಂದಿಲ್ಲ. ಬೀಟೆಯಂಥ ಕಪ್ಪು ಮರ ದೊಡ್ಡ ಮನುಷ್ಯರ ಹಾಗೆ, ಏನು ಚೆಲ್ಲಿದರೂ ಮೇಲೆ ಕಾಣಿಸುವುದಿಲ್ಲ. ಬಿಳಿ ಮರ ಹಾಗಲ್ಲ. ಬಣ್ಣ ತೋರಿಸಿದರೆ ಒಂದು ಕಡೆ ಗಟಗಟ ಕುಡಿಯುತ್ತದೆ, ಇನ್ನೊಂದು ಕಡೆ ಬಾಯಿ ಮುಚ್ಚಿಕೊಳ್ಳುತ್ತದೆ. ಒಣಗಿದ ಮೇಲೆ ನೋಡಿದರೆ ಮೈಯೆಲ್ಲ ತೊನ್ನು. ಅದರಲ್ಲೂ ಅಕ್ಷರದ ಒಳಗಿನ ಅಂಚುಗಳಿವೆಯಲ್ಲ, ಕೊರೆದ ಗಾಯ, ಅಲ್ಲಿ ಮರದ ನಾಳಗಳು ಬಾಯಿ ತೆರೆದಿರುತ್ತವೆ. ಅವು ಕುಡಿದದ್ದೇ ಕುಡಿದದ್ದು. ಹೆಸರಿನ ಅಂಚೆಲ್ಲ ಕರ್ರಗಾಗಿ ಸುಟ್ಟ ಹಾಗೆ ಕಾಣುತ್ತದೆ.

ಅದಕ್ಕೆ ಏನು ಮಾಡಬೇಕು? ಮೊದಲು ಉಪ್ಪುಕಾಗದದಲ್ಲಿ ಉಜ್ಜಬೇಕು. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಮರದ ರೋಮ ಎದ್ದು ನಿಲ್ಲುತ್ತದೆ. ಒಣಗಿಸಿ ಮತ್ತೆ ಉಜ್ಜಬೇಕು. ಆಮೇಲೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ನೀರಿನಷ್ಟು ತೆಳ್ಳಗೆ ಮಾಡಿ, ಸಣ್ಣ ಕುಂಚದಲ್ಲಿ ಒಳಗಿನ ಅಂಚುಗಳಿಗೆಲ್ಲ ಕುಡಿಸಬೇಕು. ಜಮಾಲ್ ಸಾಬರು ಇದಕ್ಕೆ ಹೊಟ್ಟೆ ತುಂಬಿಸೋದು ಅನ್ನುತ್ತಾರೆ. ಹೊಟ್ಟೆ ತುಂಬಿದ ಮರ ಬಣ್ಣವನ್ನು ಹಿತವಾಗಿ ಕುಡಿಯುತ್ತದೆ. ಆಮೇಲೆ ಬಣ್ಣ: ಎಲೆಅಡಿಕೆಗೆ ಹಾಕುವ ಕಾಚು ಕುದಿಸಿದ ನೀರು, ಅದಕ್ಕೆ ಚಿಟಿಕೆ ಸುಣ್ಣ. ಜೇನಿನ ಬಣ್ಣ ಬೇಕಿದ್ದರೆ ಬರಿ ಚಹಾದ ಡಿಕಾಕ್ಷನ್. ಒಂದೇ ಸಲಕ್ಕೆ ಕಪ್ಪು ಮಾಡಲು ಹೋಗಬಾರದು. ಹಚ್ಚು, ಒರೆಸು, ಕಾಯಿ. ಹಚ್ಚು, ಒರೆಸು, ಕಾಯಿ. ಆಮೇಲೆ ವಾರ್ನಿಷ್, ಒಂದರ ಮೇಲೊಂದು ಕೋಟು, ಪ್ರತಿ ಕೋಟಿನ ಮಧ್ಯೆ ಮತ್ತೆ ಕಾಯುವುದು.

ಇನ್ನೊಂದು ಮಾತು, ಇದನ್ನು ಜಮಾಲ್ ಸಾಬರು ನನಗೆ ಬೈದು ಕಲಿಸಿದ್ದು. ಹೊಟ್ಟೆ ತುಂಬಿಸುವ ಮೊದಲು ಬರಿ ಮರವನ್ನು ಬೆವರು ಕೈಯಲ್ಲಿ ಮುಟ್ಟಬಾರದು. ಒಮ್ಮೆ ನಾನು ಮುಟ್ಟಿದೆ. “ಅಯ್ಯೋ ಬಿಡ್ರೀ ಮಾಸ್ತರ್! ಬಿಳೀ ಮರ ಅದು, ಕೈಯಾಗಿರೋದೆಲ್ಲ ಕುಡಿತೈತೆ. ಆಮೇಲೆ ಏನ್ ಉಜ್ಜಿದ್ರೂ ವಾಪಸ್ ಕೊಡಲ್ಲ” ಎಂದು ಕಿತ್ತುಕೊಂಡರು.

ಕೇಳಿದಿರಲ್ಲ, ಈ ವಿದ್ಯೆಯಲ್ಲೆಲ್ಲ ಮುಖ್ಯವಾದದ್ದು ಏನು? ಕಾಯುವುದು. ನಮ್ಮ ಸಮಿತಿ ಜಮಾಲ್ ಸಾಬರಿಗೆ ಕೊಡದೇ ಇದ್ದದ್ದು ಏನು? ಅದೇ. ಈ ಕೆಲವು ವರ್ಷಗಳಿಂದ ನಾನು ಯಾವಾಗ ತರೀಕೆರೆ ಬಸ್ಸು ಹತ್ತಿದರೂ, “ಬೇಗ ಬೇಕು ಸಾಬರೇ” ಎನ್ನುವುದೇ. ಅವರು ತಲೆ ಚಚ್ಚಿಕೊಂಡು ರಾತ್ರಿ ಹಗಲು ಕೂತು ಮಾಡಿಕೊಟ್ಟ ಫಲಕ ವೇದಿಕೆಗೆ ಬರುವಾಗ ವಾರ್ನಿಷ್ ಇನ್ನೂ ಹಸಿ. ಈ ಸಭಾಂಗಣ ತುಂಬ ವಾಸನೆ. ಒಂದು ವರ್ಷ ಪಾನನಿರೋಧದ ಬಗ್ಗೆ ಮಾತಾಡಲು ಬಂದಿದ್ದ ಅತಿಥಿಗಳು ನನ್ನನ್ನೂ ಅಧ್ಯಕ್ಷರನ್ನೂ ಸರದಿಯ ಮೇಲೆ ಮೂಸಿದರು. ಇವತ್ತೇಕೋ ವಾಸನೆ ಬರುತ್ತಿಲ್ಲ. ಆಷಾಢದ ಗಾಳಿಗೆ ಮೂಗು ಕಟ್ಟಿರಬೇಕು.

ಚೌಳಹಿರಿಯೂರಿನ ಸೋಮಶೇಖರಪ್ಪನವರನ್ನು ಮರೆಯುವುದುಂಟೆ? ಊರಿನ ಆಸ್ಪತ್ರೆಗೆ ಜಾಗ ಬಿಟ್ಟುಕೊಟ್ಟವರು. ಅವರ ಕೈಗೆ ಫಲಕ ಇಟ್ಟೆವು. ಫೋಟೋ ತೆಗೆದಾಯಿತು, ಇನ್ನು ಮೇಜಿನ ಮೇಲೆ ಇಡಿ ಎಂದರೆ ಕೈ ಬಿಡಿಸಲಾಗಲಿಲ್ಲ. ಎರಡು ಹೆಬ್ಬೆಟ್ಟೂ ಅಂಟಿಕೊಂಡಿವೆ. “ಇದು ನನ್ನ ಬಿಡ್ತಿಲ್ಲ ಕಣ್ರೀ ಮಾಸ್ತರೇ!” ಎಂದು ಮೈಕಿನಲ್ಲೇ ಕೂಗಿದರು. ಎಷ್ಟು ನಕ್ಕಿರಿ ನೀವು! ಬಿಡಿಸಿದ ಮೇಲೆ ನೋಡಿದರೆ ಹೆಬ್ಬೆಟ್ಟಿನ ಗೆರೆಗೆರೆಯೂ ವಾರ್ನಿಷಿನಲ್ಲಿ ಮೂಡಿ ಕೂತಿದೆ. ಜಮಾಲ್ ಸಾಬರ ಮುಖ ಇಷ್ಟಾಯಿತು. ಸೋಮಶೇಖರಪ್ಪನವರ ಹತ್ತಿರ ಹೋಗಿ, “ಸ್ವಾಮಿ, ಮಳೆಗಾಲ ಕಳೀಲಿ. ಮರ ಊದ್ತದೆ, ಇಳೀತದೆ. ಆಮೇಲೆ ತಗೊಂಬನ್ನಿ. ಈ ಗುರುತೆಲ್ಲ ಉಜ್ಜಿ ತೆಗೆದು ಕೊನೇ ಕೋಟು ಹಾಕ್ಕೊಡ್ತೀನಿ. ಮುಖ ಕಾಣಂಗಿರ್ಬೇಕು” ಎಂದು ಕೈಮುಗಿದರು. ಅಲ್ಲಿಂದಾಚೆಗೆ ಎಲ್ಲ ಸನ್ಮಾನಿತರಿಗೂ ಅವರು ಇದೇ ಮಾತು ಹೇಳಿದ್ದಾರೆ.

ಯಾರಾದರೂ ವಾಪಸು ತಂದರೇ? ಇಲ್ಲ. ಒಬ್ಬರೂ ಇಲ್ಲ. ಏಕೆಂದರೆ ಸೋಮಶೇಖರಪ್ಪನವರು ಆ ಮಳೆಗಾಲ ದಾಟಲಿಲ್ಲ. ಕಲ್ಲಪ್ಪನವರು ದಾಟಲಿಲ್ಲ. ಅಜ್ಜಂಪುರದ ಅರ್ಧ ಊರನ್ನು ತನ್ನ ಕೈಯಲ್ಲೇ ಈ ಲೋಕಕ್ಕೆ ಇಳಿಸಿಕೊಂಡ ಸೂಲಗಿತ್ತಿ ಉಮ್ಮೆ ಕುಲ್ಸುಮ್ ದಾಟಲಿಲ್ಲ.

ಊರು ಸುಮ್ಮನಿರುತ್ತದೆಯೆ? ಬಸ್ ಸ್ಟ್ಯಾಂಡಿನಲ್ಲಿ ಶುರುವಾಯಿತು, ಕ್ಷೌರದಂಗಡಿಯಲ್ಲಿ ಬಲಿಯಿತು. “ಜಮಾಲ್ ಸಾಬ್ರ ಹಲ್ಗೆ ಬಂತಾ? ಹಂಗಾದ್ರೆ ವರ್ಷ ತುಂಬಲ್ಲ ಬಿಡು.” ನೀವು ನಕ್ಕಿರಿ. ನಾನೂ ನಕ್ಕೆ. ತಾಲ್ಲೂಕಿನಲ್ಲಿ ಸನ್ಮಾನ ಎಂದರೆ ಹಿರಿಯರು ನನ್ನನ್ನು ಕಂಡು ರಸ್ತೆ ದಾಟತೊಡಗಿದರು. ಆಮೇಲೆ ನಗು ನಿಂತಿತು. ಶಾಲೆಯವರು ಮಕ್ಕಳ ಬಹುಮಾನಕ್ಕೆ ಆ ಮನುಷ್ಯನ ಹಲಗೆ ಬೇಡವೆಂದರು. ಮದುವೆಯವರು ಬಾಗಿಲಿಗೆ ಹಾಕುವ ನವಿಲು ಬೇಡವೆಂದರು. ತೊಟ್ಟಿಲಿಗೆ ಗಿಳಿ ಕೊರೆಸುತ್ತಿದ್ದವರು ಶಿವಮೊಗ್ಗಕ್ಕೆ ಹೋದರು. ಹೊಲಿಗೆ ಯಂತ್ರದ ಕಾಲಿನ ಮೇಲೆ ಧೂಳು ಕೂತಿತು. ನವಿಲು ಕೊರೆಯುತ್ತಿದ್ದ ಕೈ ಈಗ ಟೊಮೇಟೊ ಪೆಟ್ಟಿಗೆಗೆ ಮೊಳೆ ಹೊಡೆಯುತ್ತದೆ.

ಹೋದ ವರ್ಷ ಅವರು ನನ್ನ ಮನೆಗೆ ಬಂದರು. ಕುರ್ಚಿಯಲ್ಲಿ ಕೂರಲಿಲ್ಲ. “ಮಾಸ್ತರ್, ನೀವು ಓದ್ದೋರು, ನಿಜ ಹೇಳ್ರಿ. ನನ್ ಬಣ್ಣದಾಗೇನಾದ್ರೂ ದೋಷ ಐತಾ? ಮರದಾಗೈತಾ? ಊರೋರು ಬಿಡ್ರಿ, ಈಗ ಮನೇಲೂ ಕೇಳ್ತಾರೆ. ಒಂದೇ ಒಂದು ಫಲಕ ವಾಪಸ್ ಬಂದಿದ್ರೆ ಸಾಕಿತ್ತು, ಕೊನೇ ಕೋಟು ಹಾಕಿ ತೋರಿಸ್ಬಿಡ್ತಿದ್ದೆ.” ನಾನು ಏನು ಹೇಳಿದೆ? ಕಾಫಿ ಕುಡಿಯಿರಿ ಎಂದೆ.

ಹೇಳಬಾರದು ಎಂದಲ್ಲ. ಹೇಳುವ ಹಾಗಿರಲಿಲ್ಲ. ಏಕೆಂದರೆ ಈ ಎಲ್ಲದರ ಹಿಂದೆ ಇರುವುದು ವಾರ್ನಿಷ್ ಅಲ್ಲ, ತೀರ್ಥಪ್ಪನವರ ಫಲಕ.

ಡಾಕ್ಟರೇ, ನೀರಿನ ಲೋಟ ನನ್ನ ಕಡೆ ತಳ್ಳುತ್ತಿದ್ದೀರಿ. ಬಾಯಾರಿಲ್ಲ ನನಗೆ. ಮುಖ್ಯ ಅತಿಥಿಗಳೂ ಬಂದಿಲ್ಲ. ಎಳೆಯಿರಿ ಎಂದವರು ನಿಮ್ಮ ಹನುಮಂತಪ್ಪನವರೇ.

ತೀರ್ಥಪ್ಪನವರು ಬೀರೂರಿನ ರೈಲ್ವೆ ಗಾರ್ಡು. ಹಸಿರು ಬಾವುಟ ಬೀಸಿ ಬೀಸಿ ಬಲಗೈ ಸೋತವರು. ಅವರ ಸನ್ಮಾನವನ್ನು ನಾವು ಬಹಳ ಮೊದಲೇ ನಿಶ್ಚಯಿಸಿದ್ದೆವು. ಜಮಾಲ್ ಸಾಬರಿಗೆ ಒಂದು ಮಳೆಗಾಲ, ಒಂದು ಚಳಿಗಾಲ ಪೂರ್ತಿ ಸಿಕ್ಕಿತು. ಎಲ್ಲ ಕೋಟೂ ಬಿತ್ತು, ಕೊನೆಯದೂ ಬಿತ್ತು. ಆ ಫಲಕದಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಸನ್ಮಾನಕ್ಕೆ ಎರಡು ದಿನ ಇದೆ ಎನ್ನುವಾಗ ತೀರ್ಥಪ್ಪನವರು ಹೋಗಿಬಿಟ್ಟರು. ಕಾಯಿಲೆ ಇತ್ತು, ಡಾಕ್ಟರಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ಮಣ್ಣು ಮಾಡಿದ ಮೇಲೆ ಆ ಫಲಕವನ್ನು ಅವರ ಮನೆಗೆ ತೆಗೆದುಕೊಂಡು ಹೋದೆ. ಅವರ ಮಗಳು ಸಾವಿತ್ರಮ್ಮ ಬಾಗಿಲಲ್ಲೇ ನಿಂತು, “ಅಪ್ಪ ಮುಟ್ಟದೇ ಇದ್ದದ್ದನ್ನ ಇಟ್ಕೊಂಡು ಏನ್ ಮಾಡ್ಲಿ ಸಾರ್?” ಎಂದಳು. ಅದು ಈಗಲೂ ನಮ್ಮ ಸಮಿತಿಯ ಬೀರುವಿನಲ್ಲಿದೆ. ಇಷ್ಟು ವರ್ಷದಲ್ಲಿ ಸರಿಯಾಗಿ ಮುಗಿದ ಫಲಕ ಅದೊಂದೇ, ಯಾರದೂ ಅಲ್ಲದ ಫಲಕವೂ ಅದೊಂದೇ.

ಅವತ್ತು ಮನೆಗೆ ಬರುವ ದಾರಿಯಲ್ಲಿ ನಾನೂ ಡಾಕ್ಟರೂ ಒಂದು ಮಾತಾಡಿಕೊಂಡೆವು. ಇನ್ನು ಮುಂದೆ ಹೀಗಾಗಬಾರದು. ಅಲ್ಲಿಂದ ಶುರು. ಡಾಕ್ಟರು ಯಾವತ್ತಾದರೂ ಸಂಜೆ ಬಂದು ಕಾಫಿ ಕುಡಿಯುತ್ತಾ ಗೋಡೆ ನೋಡಿಕೊಂಡು ಹೇಳುತ್ತಿದ್ದರು, “ಮಾಸ್ತರೇ, ಸೋಮಶೇಖರಪ್ಪನೋರ್ದು ಸಂಕ್ರಾಂತಿಗಲ್ವಾ? ಸ್ವಲ್ಪ ಮುಂಚೆನೇ ಇಟ್ಕೊಳ್ಳೋಣ್ವಾ?” ಅಷ್ಟೇ. ಕಾಯಿಲೆಯ ಹೆಸರು ಅವರು ಹೇಳುತ್ತಿರಲಿಲ್ಲ, ನಾನು ಕೇಳುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ನಾನು ತರೀಕೆರೆ ಬಸ್ಸು ಹತ್ತುತ್ತಿದ್ದೆ. “ಬೇಗ ಬೇಕು ಸಾಬರೇ.”

ಈಗ ತಿಳಿಯಿತೆ ಸಭಿಕರೇ? ಫಲಕ ಬಂದದ್ದಕ್ಕೆ ಯಾರೂ ಸಾಯಲಿಲ್ಲ. ಸಾವು ಹೊರಟಿದೆ ಎಂದು ಗೊತ್ತಾದ ಮೇಲೆ ಫಲಕ ಹೊರಟಿತು. ಅದಕ್ಕೇ ಅದು ಹಸಿಯಾಗಿತ್ತು. ಜಮಾಲ್ ಸಾಬರ ಬಣ್ಣದಲ್ಲಿ ದೋಷವಿಲ್ಲ. ಹಾಲೆ ಮರದಲ್ಲಿ ದೋಷವಿಲ್ಲ. ಶಾಲೆಯವರು ಇಲ್ಲಿದ್ದಾರೆ, ಕೇಳಿಸಿಕೊಳ್ಳಿ. ಮದುವೆ ಇಟ್ಟುಕೊಂಡವರು ಕೇಳಿಸಿಕೊಳ್ಳಿ. ತೊಟ್ಟಿಲಿಗೆ ಗಿಳಿ ಬೇಕಾದವರು ನಾಳೆ ಬೆಳಿಗ್ಗೆಯೇ ತರೀಕೆರೆಗೆ ಹೋಗಿ. ಇದನ್ನು ಮೊದಲೇ ಹೇಳಿದ್ದರೆ ಏನಾಗುತ್ತಿತ್ತು? ಸನ್ಮಾನದ ಆಹ್ವಾನಪತ್ರಿಕೆ ಕೈಗೆ ಬಂದವನು ಅದನ್ನು ಹೇಗೆ ಓದುತ್ತಿದ್ದ? ಹಾರ ಹಾಕಿಸಿಕೊಳ್ಳಲು ಕತ್ತು ಬಗ್ಗಿಸುತ್ತಿದ್ದನೆ?

ಆದರೆ ನಾವು ಅಂದುಕೊಂಡಷ್ಟು ಗುಟ್ಟೂ ಆಗಿರಲಿಲ್ಲವೇನೋ. ಉಮ್ಮೆ ಕುಲ್ಸುಮ್ ಅವರನ್ನು ಒಪ್ಪಿಸಲು ಅಜ್ಜಂಪುರಕ್ಕೆ ಹೋದಾಗ ಆ ಯಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಏನಪ್ಪಾ ಮಾಸ್ತರ್, ಚಳಿ ಕಳೀಲಿ ಅಂದಿದ್ರಿ, ಈಗ್ಲೇ ಬಂದ್ಬಿಟ್ರಿ? ಹೆರಿಗೆ ಮಾಡಿಸ್ದೋಳು ಕಣಪ್ಪ ನಾನು. ಅವಸರ ಅಂದ್ರೆ ಏನಂತ ನಂಗೊತ್ತಿಲ್ವಾ?” ಎಂದರು. ಆಮೇಲೆ ನಕ್ಕು, “ಆಯ್ತು, ಬತ್ತೀನಿ. ಹೂವು ಮಾತ್ರ ಮಲ್ಲಿಗೆನೇ ತನ್ನಿ” ಎಂದರು. ವೇದಿಕೆಯ ಮೇಲೆ ಆ ಹಸಿ ಫಲಕವನ್ನು ಅವರು ನಾವೆಲ್ಲ ಹಿಡಿದ ಹಾಗೆ ಹಿಡಿಯಲಿಲ್ಲ. ಆಗ ತಾನೇ ಹುಟ್ಟಿದ ಮಗುವನ್ನು ಹಿಡಿಯುವ ಹಾಗೆ, ಒಂದು ಅಂಗೈ ಕೆಳಗೆ, ಒಂದು ಅಂಗೈ ಮೇಲೆ. ಅವರ ಮನೆಯಲ್ಲಿರುವ ಫಲಕದಲ್ಲಿ ಇವತ್ತಿಗೂ ಹೆಸರಿನ ಮೇಲೆ ಇಡೀ ಹಸ್ತವಿದೆ.

ಜಮಾಲ್ ಸಾಬರೇ, ನಿಮಗೆ ಇನ್ನೊಂದು ವಿಷಯ ಗೊತ್ತಿಲ್ಲ. ಸೋಮಶೇಖರಪ್ಪನವರು ಹೋದ ಮೇಲೆ, ನೀವು ಒತ್ತಾಯ ಮಾಡಿದಿರಿ ಎಂದು, ಆ ಫಲಕ ತರಲು ನಾನು ಚೌಳಹಿರಿಯೂರಿಗೆ ಹೋಗಿದ್ದೆ. ಮನೆಯವರು ಕೊಡಲಿಲ್ಲ ಎಂದು ಮಾತ್ರ ನಿಮಗೆ ಹೇಳಿದೆ. ನಿಮ್ಮ ಕೆಲಸದ ಮೇಲೆ ಬೇಸರಕ್ಕೆ ಕೊಡಲಿಲ್ಲ ಎಂದು ನೀವು ತಿಳಿದಿರಿ. ಅವರ ಹೆಂಡತಿ ಕಾಶಮ್ಮನವರು ನನ್ನನ್ನು ಕೇಳಿದ್ದು ಇಷ್ಟು: “ಉಪ್ಪುಕಾಗದ ಹಾಕಿ ಉಜ್ತಾರಾ?” ಹೌದಮ್ಮ, ಗುರುತೆಲ್ಲ ಹೋಗುತ್ತದೆ, ಹೊಸದರ ಹಾಗಾಗುತ್ತದೆ ಎಂದೆ. “ಹಂಗಾದ್ರೆ ಬೇಡ ಕಣಪ್ಪ” ಎಂದು ನನ್ನನ್ನು ಗೋಡೆಯ ಹತ್ತಿರ ಕರೆದುಕೊಂಡು ಹೋದರು. “ಇಲ್ ನೋಡಿ. ಇದು ಅವರ ಹೆಬ್ಬೆಟ್ಟು. ಬೆಳಿಗ್ಗೆ ದೀಪ ಹಚ್ಚಿದ್ಮೇಲೆ ಇದರ ಮೇಲೆ ನನ್ನ ಬೆರಳು ಇಡ್ತೀನಿ. ಸರಿಯಾಗಿ ಕೂರ್ತದೆ. ಯಾರ ಹತ್ರನೂ ಅನ್ಬೇಡಿ, ಈ ವಯಸ್ಸಲ್ಲಿ ಇವಳಿಗೇನಾಗಿದೆ ಅಂತ ನಗ್ತಾರೆ.” ಕಾಶಮ್ಮನವರು ಈಗಿಲ್ಲ, ಅದಕ್ಕೆ ಹೇಳಿದೆ. ಯಾರೂ ನಗುತ್ತಿಲ್ಲ ಕಾಶಮ್ಮನವರೇ. ಮುಖ ಕಾಣುವ ಹಾಗಿರಬೇಕು ಎಂದು ಜಮಾಲ್ ಸಾಬರು ಕೊನೆಯ ಕೋಟಿಗೆ ಕಾದರು. ಅವರವರಿಗೆ ಬೇಕಾದದ್ದು ಅದರಲ್ಲಿ ಆಗಲೇ ಕಾಣುತ್ತಿತ್ತು.

ಎಲ್ಲಿದ್ದೆ ನಾನು? ಹ್ಞಾ, ಆಷಾಢ.

ನನ್ನ ಸನ್ಮಾನ ನಿಗದಿಯಾಗಿದ್ದದ್ದು ಬರುವ ಸಂಕ್ರಾಂತಿಗೆ. ನನಗೆ ಅರವತ್ತು ತುಂಬುವ ಹೊತ್ತಿಗೆ. ಮೊನ್ನೆ ಮೊನ್ನೆ ಹನುಮಂತಪ್ಪನವರು ನನ್ನ ಮನೆಗೆ ಬಂದು, “ಸಾರ್, ಮೊಮ್ಮಗಳಿಗೆ ತೋರಿಸ್ಬೇಕು, ಚೆಂದಾಗಿ ಒಂದು ‘ಕ’ ಬರ್ಕೊಡಿ” ಎಂದರು. ಬರೆದುಕೊಟ್ಟೆ. ಮರುದಿನ ಬಂದು ‘ರಿ’ ಬೇಕು ಎಂದರು. ಮಗು ಬಹಳ ಬೇಗ ಕಲಿಯುತ್ತಿದೆ ಎಂದುಕೊಂಡೆ. ಆಮೇಲೆ ‘ಸಿ’. ಆಮೇಲೆ ಒಂದು ದಿನ ತಲೆ ಕೆರೆದುಕೊಂಡು, “ಸಾರ್, ಒಂದು ‘ದ್ದ’” ಎಂದರು. ಹನುಮಂತಪ್ಪ, ಯಾವ ಊರಿನ ಮಗುವಿಗೆ ಯಾವ ಮೇಷ್ಟ್ರು ಒಂದನೇ ತರಗತಿಯಲ್ಲಿ ‘ದ್ದ’ ಹೇಳಿಕೊಡುತ್ತಾನೆ? ನೀವು ಡ್ರಾಯಿಂಗಿನಲ್ಲೂ ಹೀಗೇ, ಬದನೆಕಾಯಿ ಬರೆದು ಮಾವು ಎಂದು ಸಾಧಿಸುತ್ತಿದ್ದಿರಿ. ಆದರೂ ಏನೂ ಕೇಳಲಿಲ್ಲ. ಮರುದಿನ ನೀವು ಬರುವುದಕ್ಕೆ ಮೊದಲೇ ‘ಪ್ಪ’ ಬರೆದಿಟ್ಟಿದ್ದೆ. ಬೇರೆಯವರ ಹೆಸರಾಗಿದ್ದರೆ ಅಷ್ಟು ಹೊತ್ತು ತೆಗೆದುಕೊಳ್ಳುತ್ತಿರಲಿಲ್ಲ. ನೀವು ಕಾಗದ ಮಡಿಸಿ ಜೇಬಿಗಿಟ್ಟುಕೊಳ್ಳುವಾಗ ನನ್ನ ಮುಖ ನೋಡಲಿಲ್ಲ. ಗೋಡೆ ನೋಡಿದಿರಿ. ಗೋಡೆ ನೋಡುವುದು ಈ ಸಮಿತಿಯ ಸಂಪ್ರದಾಯ.

ಅವತ್ತು ಊಟಕ್ಕೆ ಕೂತು ಮಲ್ಲಿಕಾಂಬಳನ್ನು ಕೇಳಿದೆ: ಬೆಂಗಳೂರಿನ ಆಸ್ಪತ್ರೆಯಲ್ಲಿ ಹೇಳಿದ್ದು ಅಲ್ಸರ್ ತಾನೇ? “ಹ್ಞೂ ಕಣ್ರೀ, ಅಲ್ಸರ್ರೇ. ಮಜ್ಜಿಗೆ ಜಾಸ್ತಿ ಕುಡೀಬೇಕಂತೆ” ಎಂದು ಮಜ್ಜಿಗೆಗೆ ಉಪ್ಪು ಹಾಕಿದಳು. ಒಂದು ಸಲ ಆಗಲೇ ಹಾಕಿದ್ದಳು. ನಾನು ಎರಡು ಉಪ್ಪಿನ ಮಜ್ಜಿಗೆ ಕುಡಿದು, ಚೆನ್ನಾಗಿದೆ ಎಂದೆ. ಅಳಬೇಡವೇ. ಸಭೆಯಲ್ಲಿ ಅಧ್ಯಕ್ಷರಿಗೆ ಮುಜುಗರವಾಗುತ್ತದೆ. ಅವರು ಹೇಳಿಕೊಟ್ಟದ್ದನ್ನು ನೀನು ಹೇಳಿದೆ, ನನಗೆ ಗೊತ್ತು. ಡಾಕ್ಟರೇ, ನಿಮ್ಮ ಮೇಲೂ ಬೇಸರವಿಲ್ಲ. ಈ ಪದ್ಧತಿ ಮಾಡಿದವರು ನಾವಿಬ್ಬರು. ಇನ್ನೊಬ್ಬರಿಗೆ ಮಾಡುವಾಗ ಒಳ್ಳೆಯದಾಗಿದ್ದದ್ದು ನನಗೆ ಮಾಡಿದಾಗ ಕೆಟ್ಟದ್ದಾಗುತ್ತದೆಯೆ? ನಿಮ್ಮ ಲೆಕ್ಕದಲ್ಲಿ ಸಂಕ್ರಾಂತಿ ಇಲ್ಲ ಎಂದಾಯಿತು. ಮಳೆಗಾಲ ಇದೆಯೋ ಇಲ್ಲವೋ, ಅದನ್ನು ಉಪ್ಪಿಟ್ಟು ತಿನ್ನುತ್ತಾ ಮಾತಾಡೋಣ.

ಬಾಗಿಲ ಹತ್ತಿರ ಯಾರೋ ಕೈಸನ್ನೆ ಮಾಡುತ್ತಿದ್ದಾರೆ. ಮುಖ್ಯ ಅತಿಥಿಗಳ ರೈಲು ಬೀರೂರಿಗೆ ಬಂದಿತಂತೆ, ಜೀಪು ಹೊರಟಿದೆಯಂತೆ. ಸಂತೋಷ. ಅವರು ಬಂದು ಹಾರ ಹಾಕಲಿ, ಶಾಲು ಹೊದಿಸಲಿ. ಫಲಕ ಮಾತ್ರ ಅವರ ಕೈಯಿಂದ ಬೇಡ. ಜಮಾಲ್ ಸಾಬರೇ, ಕಂಬದ ಮರೆಯಿಂದ ಏಳಿ. ಇಷ್ಟು ವರ್ಷ ನೀವು ಮಾಡಿದ್ದನ್ನು ನಾವು ಕೊಟ್ಟೆವು. ಇವತ್ತು ನೀವೇ ಕೊಡಿ. ಬನ್ನಿ, ಮೆಟ್ಟಿಲು ನೋಡಿಕೊಂಡು ಬನ್ನಿ. ಸಭಿಕರೇ, ಇವರಿಗೊಂದು ಚಪ್ಪಾಳೆ. ಇನ್ನೂ ಜೋರಾಗಿ. ಇದು ಆಚೆ ತರೀಕೆರೆಗೆ ಕೇಳಿಸಬೇಕು.

ಬಟ್ಟೆ ತೆಗೆಯಿರಿ. ಅಂಚು ಹಿಡಿದುಕೊಳ್ಳುತ್ತೇನೆ, ಅಂಟೀತು.

ಇದೇನು ಸಾಬರೇ?

ಸಭಿಕರೇ, ಹಿಂದಿನ ಸಾಲಿನವರಿಗೆ ಕಾಣಿಸುತ್ತಿಲ್ಲ, ಅದಕ್ಕೆ ಹೇಳುತ್ತೇನೆ. ಇದರಲ್ಲಿ ಬಣ್ಣವಿಲ್ಲ. ಅರಗಿಲ್ಲ, ವಾರ್ನಿಷ್ ಇಲ್ಲ. ಗರಗಸದಿಂದ ಎದ್ದು ಬಂದ ಹಾಗೇ ಬೆಳ್ಳಗಿದೆ. ‘ಕ’ದ ಮೂಲೆಯಲ್ಲಿ ನನ್ನ ಕಾಗದದ ಚೂರು ಇನ್ನೂ ಅಂಟಿಕೊಂಡಿದೆ. ನನ್ನ ಮೂಗು ಕಟ್ಟಿರಲಿಲ್ಲ. ಅವರು ಈಗ ಮೆಲ್ಲಗೆ ನನಗೆ ಹೇಳಿದ್ದನ್ನು ಮೈಕಿನಲ್ಲಿ ಹೇಳುತ್ತೇನೆ: “ನಾನು ಬಣ್ಣ ಹಚ್ಚಿ ಕೊಟ್ಟೋರೆಲ್ಲ ಹೋದ್ರು ಮಾಸ್ತರ್. ಈ ಸಲ ಬಣ್ಣಕ್ಕೆ ಕೈ ಹಚ್ಚಲಿಲ್ಲ. ಮಳೆ ಕಳೆದ್ಮೇಲೆ ನೀವೇ ತಗೊಂಬರ್ಬೇಕು. ಮೊದಲ್ನೇ ಕೋಟಿಂದ ಶುರು ಮಾಡೋಣ.”

ಅಂದರೆ, ಜಮಾಲ್ ಸಾಬರೇ, ಊರಿನ ಆ ಮಾತನ್ನು ನೀವೂ ನಂಬಿದ್ದಿರಿ. ನಿಮ್ಮ ಕೈಯನ್ನೇ ನೀವು ನಂಬಲಿಲ್ಲ. ನನ್ನನ್ನು ಉಳಿಸಲು ನಿಮ್ಮ ವಿದ್ಯೆಯನ್ನೇ ಹಿಂದಕ್ಕೆ ಇಟ್ಟುಕೊಂಡಿರಿ. ಇಷ್ಟು ಹೊತ್ತು ನಾನು ಮಾತಾಡಿದ್ದು ಈ ಊರಿಗೆ ಅಂದುಕೊಂಡಿದ್ದೆ. ನಿಮಗೇ ಮೊದಲು ಹೇಳಬೇಕಾಗಿತ್ತು. ದೋಷವಿಲ್ಲ. ಕೇಳಿಸಿತೆ? ದೋಷವಿಲ್ಲ.

ಮಳೆ ಕಳೆದ ಮೇಲೆ ನಾನು ತರೀಕೆರೆ ಬಸ್ಸು ಹತ್ತಿದರೆ, ನೀವು ಎಲ್ಲ ಕೋಟೂ ಹಾಕಿರಿ, ನಾನು ಅವಸರ ಮಾಡುವುದಿಲ್ಲ. ಬರದಿದ್ದರೆ ಇದನ್ನು ಯಾರೂ ತರುವುದಿಲ್ಲ. ತಂದುಕೊಡಿ ಎಂದು ಕೇಳಲೂ ಬೇಡಿ. ಕಿತ್ತುಕೊಳ್ಳಬೇಡಿ ಸಾಬರೇ, ಗೊತ್ತು ನನಗೆ, ನನ್ನ ಕೈ ಬೆವೆತಿದೆ. ಹೊಟ್ಟೆ ತುಂಬಿಸದ ಬಿಳಿ ಮರ ಇದು, ಕುಡಿದದ್ದನ್ನು ವಾಪಸು ಕೊಡುವುದಿಲ್ಲ. ಕುಡಿಯಲಿ.

ಮಲ್ಲಿಕಾಂಬ, ಸೆರಗು ಕೆಳಗಿಡು, ಇಲ್ಲಿ ನೋಡು. ಎಡಗೈ ‘ಕ’ದ ಕೆಳಗೆ. ಬಲಗೈ ‘ಪ್ಪ’ದ ಕೆಳಗೆ. ಆಮೇಲೆ ಹುಡುಕುವುದು ಬೇಡ.

ಅಧ್ಯಕ್ಷರಿಗೆ, ಸಮಿತಿಯವರಿಗೆ, ಜೀಪಿನಲ್ಲಿ ಬರುತ್ತಿರುವ ಮುಖ್ಯ ಅತಿಥಿಗಳಿಗೆ, ಉಪ್ಪಿಟ್ಟು ಆರಿದರೂ ಕೂತು ಕೇಳಿದ ನಿಮ್ಮೆಲ್ಲರಿಗೆ ನನ್ನ ವಂದನೆಗಳು ಸಲ್ಲುತ್ತವೆ. ಕೈ ಮುಗಿಯಬೇಕು. ಆದರೆ ಎರಡು ಕೈಯೂ ಇದರ ಮೇಲಿವೆ, ಇನ್ನೂ ಸ್ವಲ್ಪ ಹೊತ್ತು ಹೀಗೇ ಒತ್ತಿ ಹಿಡಿದಿರಬೇಕು. ಹಾಗಾಗಿ ಬರಿ ತಲೆ ಬಾಗಿಸಿ ಹೇಳುತ್ತಿದ್ದೇನೆ, ನಮಸ್ಕಾರ.